ಅಶೋಕನ ಎಡೆಗೆ ಯಾವ ರೆಕಾರ್ಡು

ರಾಮನಗರ
೮ ಜೂನ್ ೨೦೨೫

ಪ್ರಿಯ ವನಜಾ,

ಇತ್ತ ಕ್ಷೇಮ, ಅತ್ತಲೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡುವುದು ಪದ್ಧತಿ. ‘ಇತ್ತ’ ಎಂದು ಬರೆದು, ಮುಂದಿನ ಪದ ಸಿಗದೆ, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ಕಾಫಿಯೂ ಕ್ಷೇಮವಾಗಿಲ್ಲ.

ದಸರಾ ಮುಗಿಸಿ ನೀನು ಕನಕಪುರಕ್ಕೆ, ನಿನ್ನ ತಂಗಿ ಸುಮನಾಳ ಮನೆಗೆ ಹೋದಾಗಿನಿಂದ ನನ್ನ ಫೋನ್ ಎತ್ತಿಲ್ಲ. ಫೋನ್ ಎತ್ತದವಳು ಸ್ಯಾಕ್ಸೋಫೋನ್ ವಿಷಯವೆಂದರೆ ಕಾಗದವನ್ನಾದರೂ ಬಿಡಿಸಿಯಾಳು ಎಂಬ ಆಸೆ ನನ್ನದು. ಈ ಸಾಲನ್ನು ಹೊಡೆದುಹಾಕಬೇಕೆಂದುಕೊಂಡೆ. ಕಾಲೇಜಿನಲ್ಲಿ ಕನ್ನಡ ಪಾಠ, ಊರೂರಲ್ಲಿ ಹಾಸ್ಯ ಭಾಷಣ ಮಾಡಿ ಕೆಟ್ಟ ಕೈ ಇದು. ನಾನು ಮಾತು ಬಿಟ್ಟರೂ ಶ್ಲೇಷೆ ನನ್ನನ್ನು ಬಿಡುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ತಿಪ್ಪಸಂದ್ರಕ್ಕೆ ಹೋಗಿದ್ದೆ. ಅವ್ವ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ಶ್ರಾವಣಕ್ಕೆ ಅಶೋಕ ಹೋಗಿ ವರ್ಷ ತುಂಬುತ್ತದೆ, ಈ ಸಲದ ಪಿತೃಪಕ್ಷದಲ್ಲಿ ಹಿರಿಯರ ಜೊತೆ ಅವನಿಗೂ ಎಡೆ ಇಡಬೇಕು ಎಂದಳು. ಹಿರಿಯರ ಹಬ್ಬ ಅದು. ಮೂವತ್ತೊಂದು ವರ್ಷದ ಮಗ ನನಗೆ ಹಿರಿಯನಾಗಿಬಿಟ್ಟಿದ್ದಾನೆ, ನೋಡು. ಅವನಿಗೆ ಏನು ಇಷ್ಟ, ಈಗಲೇ ಹೇಳಿಬಿಡು ಎಂದು ಅವ್ವ ಕೇಳಿದಳು. ನಮ್ಮಪ್ಪನಿಗೆ ಮಟನ್ ಸಾರು, ಕಾಲು ಬಾಟಲಿ ಬ್ರಾಂದಿ, ಒಂದು ಕಟ್ಟು ಬೀಡಿ. ಅದನ್ನು ಯಾರೂ ಕೇಳಿ ತಿಳಿಯಬೇಕಾಗಿಲ್ಲ. ಅಶೋಕನಿಗೆ ಹುರುಳಿಕಾಳಿನ ಬಸ್ಸಾರು ಎಂದೆ.

“ಅದು ವಟ್ಟೆಗಾಯ್ತು,” ಎಂದಳು ಅವ್ವ. “ಜೀವಕ್ಕೇನ್ ಇಷ್ಟ ಇತ್ತು ಅಂತ ಕೇಳ್ದೆ ಕಣ್ಲಾ.”

ಉತ್ತರ ಎಲ್ಲಿದೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ. ಮರಳವಾಡಿಯಲ್ಲಿ ದನದ ಡಾಕ್ಟರಾಗಿದ್ದ ಮಗ ಶನಿವಾರ ಮನೆಗೆ ಬಂದರೆ ತಾಯಿ ಮಗ ಇಬ್ಬರೂ ಮಹಡಿ ಹತ್ತುತ್ತಿದ್ದಿರಿ. ಮೇಲಿನಿಂದ ಆ ಟೆನರ್ ಸ್ಯಾಕ್ಸೋಫೋನ್ ರೆಕಾರ್ಡುಗಳ ದನಿ ಇಳಿದು ಬರುತ್ತಿತ್ತು. ನಾನು ಕೆಳಗಿನಿಂದ ‘ಡಾಕ್ಟ್ರೇ, ಎಮ್ಮೆ ಈಯ್ತಾ?’ ಎಂದು ಕೂಗುತ್ತಿದ್ದೆ. ಅವನು ‘ಕರು ಅಡ್ಡ ಐತೆ ಅಪ್ಪ, ಒಸಿ ತಡೀರಿ’ ಎನ್ನುತ್ತಿದ್ದ. ಜಾಜ್ ಸಂಗೀತದಲ್ಲಿ ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ನೀನು ಹೋಗುವಾಗ ರೆಕಾರ್ಡಿನ ಪೆಟ್ಟಿಗೆಯನ್ನೂ ಅವನು ಮಾಗಡಿಯ ಬ್ಯಾಂಡ್‌ಸೆಟ್ಟಿನವರಿಂದ ಕೊಂಡ ಹಳೆಯ ಸ್ಯಾಕ್ಸೋಫೋನನ್ನೂ ಕೊಂಡೊಯ್ದೆ. ಪ್ಲೇಯರನ್ನು ಬಿಟ್ಟುಹೋದೆ, ಭಾರವೆಂದು. ಭಾರವಾದ ಎರಡು ಸಾಮಾನು ಈ ಮನೆಯಲ್ಲಿ ಉಳಿದೆವು. ಈಗ ನಿನ್ನ ಹತ್ತಿರ ಪ್ಲೇಯರಿಲ್ಲದ ರೆಕಾರ್ಡು, ನನ್ನ ಹತ್ತಿರ ರೆಕಾರ್ಡಿಲ್ಲದ ಪ್ಲೇಯರು.

ಅವನ ಜೀವಕ್ಕೆ ಇಷ್ಟವಾದ ರೆಕಾರ್ಡನ್ನು ಎಡೆಗೆ ಇಡಬೇಕು. ಹೆಸರು ಬರೆದು ಕಳಿಸಿದರೆ ಸಾಲದು. ಕೇಳಿ ತಿಳಿಯಬೇಕು, ಇಲ್ಲವಾದರೆ ನಾನು ಯಾರಿಗೆ ಏನು ಬಡಿಸಿದ ಹಾಗಾಯಿತು? ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ. ಸಾಕ್ಸನ್ನೇ ನೆಟ್ಟಗೆ ಹಾಕಿಕೊಳ್ಳಲು ಬಾರದವನು ಸ್ಯಾಕ್ಸನ್ನು ಎಲ್ಲಿಂದ ಶುರು ಮಾಡಲಿ?

ಇನ್ನೊಂದು. ಎಡೆಗೆ ನೀನು ಬರುತ್ತೀಯಾ?

ನಿನ್ನ
ಮುತ್ತುರಾಜು


ಕನಕಪುರ
೧೭ ಜೂನ್

ಮುತ್ತುರಾಜು ಅವರಿಗೆ,

ಕಾಗದ ತಲುಪಿತು. ಫೋನಿನ ಸಾಲನ್ನು ಹೊಡೆದುಹಾಕಬೇಕಿತ್ತು. ಸಾಕ್ಸಿನದನ್ನೂ.

ಅಶೋಕ ನನಗೆ ಕೇಳಿಸಿದ ಕ್ರಮದಲ್ಲೇ ಕಳಿಸುತ್ತೇನೆ. ಒಂದು ಸಲಕ್ಕೆ ಒಂದು. ಅಂಚೆಯಲ್ಲಿ ಒಡೆಯುತ್ತದೆ, ಅದಕ್ಕೇ ರಾಮನಗರದ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ. ಸ್ಟ್ಯಾಂಡಿನಲ್ಲಿ ನಿಂತು ಇಸಿದುಕೊಳ್ಳಿ. ಅದು ವಾಪಸು ಬಂದ ಮೇಲೆ ಮುಂದಿನದು. ಕೇಳಿದ್ದನ್ನು ಬರೆಯಿರಿ. ಕೇಳುವಾಗ ಹೊಳೆದ ಚಟಾಕಿಯನ್ನಲ್ಲ.

ಮೊದಲನೆಯವರು ಕೋಲ್ಮನ್ ಹಾಕಿನ್ಸ್. ಜಾಜ್‌ನಲ್ಲಿ ಈ ವಾದ್ಯಕ್ಕೆ ಮರ್ಯಾದೆಯ ಕುರ್ಚಿ ಹಾಕಿಸಿದವರೇ ಇವರು ಎಂದು ಅಶೋಕ ಹೇಳುತ್ತಿದ್ದ. ನಮ್ಮ ಮದುವೆ ವಾಲಗದಲ್ಲಿ ಊದುವುದು ಸಾಮಾನ್ಯವಾಗಿ ಆಲ್ಟೊ ಸ್ಯಾಕ್ಸೋಫೋನ್. ಟೆನರ್ ಅದಕ್ಕಿಂತ ದೊಡ್ಡದು, ದನಿ ಕೆಳಗಿನದು. ಗಂಡಸು ಮಾತಾಡುವ ಎತ್ತರದಲ್ಲಿ ಅದು ಹಾಡುತ್ತದೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ನನಗೆ ಇಷ್ಟು ತಿಳಿಯಲು ಒಂದು ಮಳೆಗಾಲ ಹಿಡಿಯಿತು. ನೀವು ಆತುರ ಪಡಬೇಡಿ.

ಎಡೆಗೆ ಬರುವ ಮಾತು ಈಗ ಬೇಡ.

ವನಜಾಕ್ಷಿ


ರಾಮನಗರ
೨೯ ಜೂನ್

ಪ್ರಿಯ ವನಜಾ,

ಪ್ಲೇಯರಿಗೆ ಜೀವವಿರಲಿಲ್ಲ. ಒಳಗಿನ ಬೆಲ್ಟು ಹಿಗ್ಗಿ ಅಂಟಾಗಿತ್ತು. ಚನ್ನಪಟ್ಟಣದಲ್ಲಿ ರೇಡಿಯೋ, ಮಿಕ್ಸಿ ರಿಪೇರಿ ಮಾಡುವ ಹುಸೇನ್ ಬಳಿಗೆ ಒಯ್ದೆ. ಬೆಲ್ಟು ಹಾಕಿ, ಪರೀಕ್ಷೆಗೆಂದು ಹಾಕಿನ್ಸರನ್ನು ಹಾಕಿದ. (ಇದು ಶ್ಲೇಷೆಯಲ್ಲ, ಕ್ರಿಯಾಪದ.) ಸ್ವಲ್ಪ ಹೊತ್ತು ಕೇಳಿ, ಇದು ಯಾರ ಮದುವೆ ಸಾರ್, ಇನ್ನೂ ಎಲೆ ಹಾಕಿಲ್ಲವಾ, ಯಾಕಿಷ್ಟು ನಿಧಾನ ಎಂದು ವಿಚಾರಿಸಿದ.

ಹಾಕಿನ್ಸ್ ಎಂದರೆ ನಮ್ಮ ಮನೆಯಲ್ಲಿ ಕುಕ್ಕರು. ಮೂರು ಸೀಟಿಗೆ ಇಳಿಸುವವನಿದ್ದೆ. ಇಳಿಸಲಾಗಲಿಲ್ಲ. ಕೇಳಿದ್ದನ್ನೇ ಬರೆಯುತ್ತೇನೆ: ನಮ್ಮ ಹೈಸ್ಕೂಲು ಹೆಡ್‌ಮಾಸ್ತರು ತರಗತಿಗೆ ಬಂದರೆ ಕೋಣೆಯಲ್ಲಿ ಖಾಲಿ ಜಾಗವೇ ಉಳಿಯುತ್ತಿರಲಿಲ್ಲ, ಮೂಲೆಯಲ್ಲಿದ್ದವನಿಗೂ ಅವರು ತನ್ನ ಪಕ್ಕದಲ್ಲೇ ನಿಂತಿದ್ದಾರೆ ಅನ್ನಿಸುತ್ತಿತ್ತು. ಈ ದನಿ ಹಾಗಿದೆ. ಮಹಡಿ ಕೋಣೆಯಲ್ಲೇ ಕೂತು ಕೇಳಿದೆ. ಅವನ ಮಂಚವಿದೆ, ಕಿಟಕಿಯಿದೆ, ನಾನಿದ್ದೇನೆ, ಆದರೂ ಖಾಲಿ ಅನ್ನಿಸುತ್ತಿದ್ದ ಕೋಣೆ ರೆಕಾರ್ಡಿನ ಒಂದು ಮೈ ಮುಗಿಯುವ ತನಕ ತುಂಬಿತ್ತು.

ಅವನು ಯಾವ ಕಡೆ ಕೂರುತ್ತಿದ್ದ? ನೀನು ಯಾವ ಕಡೆ?

ಮುತ್ತು


ಕನಕಪುರ
೬ ಜುಲೈ

ನಿಮಗೆ,

ನಾನು ಕುರ್ಚಿಯಲ್ಲಿ. ಅವನು ನೆಲದ ಮೇಲೆ, ಗೋಡೆಗೆ ಒರಗಿ.

ಈ ಸಲ ಲೆಸ್ಟರ್ ಯಂಗ್. ಹಾಕಿನ್ಸರಿಗೆ ಪೂರ್ತಿ ವಿರುದ್ಧ. ವಾದ್ಯವನ್ನು ಪಕ್ಕಕ್ಕೆ ಓರೆಯಾಗಿ ಎತ್ತಿ ಹಿಡಿಯುತ್ತಿದ್ದರಂತೆ. ದನಿಯಲ್ಲಿ ತೂಕವೇ ಇಲ್ಲ. ಹಾಡಿನ ಮಾತುಗಳು ಗೊತ್ತಿಲ್ಲದೆ ಅದನ್ನು ಊದಬಾರದು ಎಂಬುದು ಅವರ ನಿಯಮವಂತೆ. ಅಶೋಕ ಇದನ್ನು ಹೇಳಿದಾಗ ನಿಮ್ಮ ನೆನಪಾಗಿ, ಮಾತು ಗೊತ್ತಿರುವವರೆಲ್ಲ ಊದಲು ಹೊರಟರೆ ಕಷ್ಟ ಎಂದಿದ್ದೆ.

ವನಜಾಕ್ಷಿ


ರಾಮನಗರ
೧೩ ಜುಲೈ

ಪ್ರಿಯ ವನಜಾ,

ಚಟಾಕಿ ಹಾರಿಸಿದೆ, ನೀನು. ನಾನು ಗಮನಿಸಿದ್ದೇನೆ, ಯಾರಿಗೂ ಹೇಳುವುದಿಲ್ಲ.

ಲೆಸ್ಟರ್ ಯಂಗ್ ಬಗ್ಗೆ ನನ್ನ ತಕರಾರಿದೆ. ಓರೆ ಹಿಡಿಯಲಿ, ನೆಟ್ಟಗೆ ಹಿಡಿಯಲಿ, ಇಷ್ಟು ಅವಸರ ಯಾಕೆ? ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಗದರಿಸಿದಾಗ ನಮ್ಮ ವಾಲಗದವರು ಊದುವ ಹಾಗೆ ಊದಿದ್ದಾರೆ. ಗಂಡಸಿನ ಎತ್ತರ ಎಂದೆಯಲ್ಲ, ಇದು ಗಂಡಸಾದರೆ ಮೀಸೆ ಬಾರದ ಗಂಡಸು. ಹೆಸರೇ ಯಂಗ್ ಎಂದು ಸಮಾಧಾನ ಮಾಡಿಕೊಂಡೆ. ಮೆಚ್ಚಲು ಬಹಳ ಪ್ರಯತ್ನಪಟ್ಟೆ. ಭಾನುವಾರವೆಲ್ಲ ಅದನ್ನೇ ಕೇಳಿದ್ದೇನೆ. ಮಗನಿಗೆ ಹಿಡಿಸಿದ್ದು ನನಗೆ ಹಿಡಿಸುತ್ತಿಲ್ಲವಲ್ಲ ಎಂದು ಕೊನೆಗೆ ಒಂದು ಥರ ಭಯವಾಯಿತು.

ಮುತ್ತು


ಕನಕಪುರ
೧೭ ಜುಲೈ

ನಿಮಗೆ,

ಪ್ಲೇಯರಿನ ಬಲಗಡೆ ವೇಗದ ಒಂದು ಸಣ್ಣ ಗುಂಡಿ ಇದೆ. ಧೂಳು ಒರೆಸುವಾಗ ಅದನ್ನು ೪೫ಕ್ಕೆ ತಿರುಗಿಸಿದ್ದೀರಿ. ೩೩ಕ್ಕೆ ತನ್ನಿ.

ನನ್ನ ಸದ್ದು ಕೇಳಿ ಸುಮನಾ ಅಡುಗೆ ಮನೆಯಿಂದ ಬಂದು ಏನಾಯಿತು ಎಂದು ಕೇಳಿದಳು. ಕಾಗದವನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದೆ. ಅಶೋಕ ಇದ್ದಿದ್ದರೆ ಇದನ್ನು ಮರಳವಾಡಿಯ ಎಮ್ಮೆಗಳಿಗೂ ಹೇಳುತ್ತಿದ್ದ.

ವ.


ರಾಮನಗರ
೨೭ ಜುಲೈ

ಪ್ರಿಯ ವನಜಾ,

ಗುಂಡಿ ತಿರುಗಿಸಿದೆ. ಲೆಸ್ಟರ್ ಯಂಗ್ ಅವರಲ್ಲಿ ಕ್ಷಮೆ ಕೇಳಿದ್ದೇನೆ.

ನೀನು ಹೇಳಿದ್ದು ನಿಜ, ತೂಕವೇ ಇಲ್ಲ. ಒಬ್ಬ ಮನುಷ್ಯ ಮಾತಾಡುತ್ತಾ ಆಡುತ್ತಾ ಜಗಲಿಯಿಂದ ಎದ್ದು ಬೀದಿಗೆ ಇಳಿದ ಹಾಗೆ, ನಾವು ಇಲ್ಲೇ ಕೂತು ಇನ್ನೂ ತಲೆಯಾಡಿಸುತ್ತಿರುವ ಹಾಗೆ.

ಅವರ ಹಿಂದೆ ಡ್ರಮ್ಮಿನವನು ಕೋಲು ಬಿಟ್ಟು, ತಂತಿಯ ಕುಂಚದಂಥದ್ದರಿಂದ ಚರ್ಮವನ್ನು ಸವರುತ್ತಾನಲ್ಲ, ಆ ಸದ್ದು ನನಗೆ ಮೊದಲೇ ಗೊತ್ತಿತ್ತು. ತಮ್ಮ ಚಿಕ್ಕಬೀರಯ್ಯ ಕುರಿಯ ಜೊತೆ ರೇಷ್ಮೆಯನ್ನೂ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ರಜೆಗೆ ಹೋದರೆ ಹುಳುಮನೆಯಲ್ಲೇ ಮಲಗುತ್ತಿದ್ದೆ. ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಸೊಪ್ಪು ಮೇಯುವ ಸದ್ದು ಅದು. ಸೂರಿನ ಮೇಲೆ ಸಣ್ಣ ಮಳೆ ಹಿಡಿದ ಹಾಗಿರುತ್ತದೆ. ಹುಳು ಪೊರೆ ಬಿಡುವುದಕ್ಕೆ ಊರಿನಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ, ಸತ್ತಿದೆಯೋ ಎಂದು ಹೊಸಬರು ಹೆದರುತ್ತಾರೆ. ಮಾರನೇ ದಿನ ಎದ್ದು ಮೊದಲಿಗಿಂತ ಜೋರಾಗಿ ತಿನ್ನತೊಡಗುತ್ತದೆ.

ಡೆಂಗೆ ಬಂದು ಮಲಗಿದಾಗ ನಮ್ಮವನೂ ಹಾಗೇ ಎದ್ದಾನೆಂದು

ಇವತ್ತಿಗೆ ಇಷ್ಟು.

ಮುತ್ತು


ಕನಕಪುರ
೧೪ ಆಗಸ್ಟ್

ನಿಮಗೆ,

ವರ್ಷದ ಕಾರ್ಯಕ್ಕೆ ಸುಮನಾಳ ಜೊತೆ ಬಂದು, ಎಲೆ ಎತ್ತುವ ಮುಂಚೆ ಹೊರಟುಬಿಟ್ಟೆ. ಯಾರಾದರೂ ಏನಾದರೂ ಅಂದಿರಬಹುದು. ಅನ್ನಲಿ.

ಆ ದಿನ ನೀವು ಒಂದು ಚಟಾಕಿಯನ್ನೂ ಹಾರಿಸಲಿಲ್ಲ. ಬಂದವರಿಗೆ ನೀರು ಕೊಟ್ಟಿರಿ, ಚಾಪೆ ಹಾಸಿದಿರಿ. ನಿಮ್ಮ ತಮ್ಮ ಎರಡು ಸಲ ಕೆಣಕಿದರೂ ಸುಮ್ಮನಿದ್ದಿರಿ. ನನಗಾಗಿ ಬಾಯಿ ಕಟ್ಟಿಕೊಂಡಿದ್ದೀರಿ ಎಂದು ಗೊತ್ತಾಯಿತು. ನಿಮ್ಮ ತಮಾಷೆ ಸಹಿಸದೆ ನಾನು ಮನೆ ಬಿಟ್ಟೆ ಎಂದು ಎಲ್ಲರೂ ತಿಳಿದಿದ್ದಾರೆ. ನೀವೂ.

ಹಾಗಲ್ಲ. ಹನ್ನೊಂದನೇ ದಿನ ದಾಸಯ್ಯ ಶಂಖ ಊದಿದಾಗ ಅದು ಕಾಯಿಲೆ ಬಿದ್ದ ಕೋಣದ ಹಾಗೆ ಕೂಗಿತು. ನೀವು, ‘ನಮ್ಮ ಡಾಕ್ಟ್ರು ಇದ್ದಿದ್ರೆ ನಿನ್ನ ಶಂಖಕ್ಕೊಂದು ಇಂಜೆಕ್ಷನ್ ಕೊಡ್ತಿದ್ರು ಕಣಯ್ಯ’ ಎಂದಿರಿ. ಇಡೀ ಮನೆ ನಕ್ಕಿತು. ನಿಮ್ಮ ಕಣ್ಣಿನಲ್ಲಿ ನೀರಿತ್ತು, ನಾನು ನೋಡಿದೆ.

ನಾನೂ ನಕ್ಕೆ. ಅದನ್ನು ನೀವು ನೋಡಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು, ತಡೆಯಲಾಗದೆ ನಕ್ಕೆ. ಮಗ ಹೋಗಿ ಹನ್ನೊಂದನೇ ದಿನ ಹೆತ್ತವಳು ನಕ್ಕಳು. ನಿಮ್ಮ ಜೊತೆ ಇದ್ದರೆ ಇನ್ನೂ ಎಷ್ಟು ನಗುತ್ತೇನೋ ಎಂದು ಹೆದರಿ ಇಲ್ಲಿಗೆ ಬಂದೆ. ಫೋನ್ ಎತ್ತದಿರುವುದೂ ಅದಕ್ಕೆ. ಕಾಗದದಲ್ಲಾದರೆ ನಿಮ್ಮ ದನಿ ಇರುವುದಿಲ್ಲ.

ಇದರ ಜೊತೆ ಬೆನ್ ವೆಬ್‌ಸ್ಟರ್ ಕಳಿಸಿದ್ದೇನೆ. ಮನೆಯಲ್ಲಿ ಬೇರೆ ಸದ್ದಿಲ್ಲದಾಗ ಕೇಳಿ.

ವನಜಾಕ್ಷಿ


ರಾಮನಗರ
೨೪ ಆಗಸ್ಟ್

ವನಜಾ,

ಇಲ್ಲಿ ಬೇರೆ ಸದ್ದು ಇರುವುದೇ ಇಲ್ಲ.

ನಿನ್ನ ಕಾಗದಕ್ಕೆ ಏನು ಬರೆಯಲಿ? ಅವನ ಹೆಸರಿನ ಮೇಲೆ ಒಂದು ಶ್ಲೇಷೆ ಬಂತು. ಆ ಹೆಸರಿಟ್ಟವನು ನಾನೇ ಆದ್ದರಿಂದ ಅದು ಯಾವತ್ತೋ ಬರಬೇಕಾಗಿತ್ತು. ಬರೆದು ಹೊಡೆದುಹಾಕಿದೆ, ಮತ್ತೆ ಹಾಳೆಯನ್ನೇ ಹರಿದೆ. ಇದು ಎರಡನೇ ಹಾಳೆ.

ವೆಬ್‌ಸ್ಟರ್ ಕೇಳಿದೆ. ಸ್ವರ ಮುಗಿದ ಮೇಲೂ ಗಾಳಿ ಬರುತ್ತಿರುತ್ತದೆ. ಅವರು ಊದುವುದನ್ನು ನಿಲ್ಲಿಸಿರುತ್ತಾರೆ, ಉಸಿರು ನಿಂತಿರುವುದಿಲ್ಲ. ಹಿತ್ತಾಳೆಯೊಳಗೆ ಬರೀ ಉಸಿರು ಓಡಾಡಿ, ತೆಳ್ಳಗಾಗಿ, ಇದೆಯೋ ಇಲ್ಲವೋ ಎಂದು ಕಿವಿ ಮುಂದೆ ಚಾಚಬೇಕು. ಮುಗಿಯಿತು ಎಂದುಕೊಂಡಾಗ ಮುಂದಿನ ಸ್ವರ ಬರುತ್ತದೆ.

ಆಸ್ಪತ್ರೆಯಲ್ಲಿ ಕೊನೆಯ ಬೆಳಿಗ್ಗೆ ನೀನು ಮುಖ ತೊಳೆಯಲು ಹೋಗಿದ್ದೆ. ನಾನು ಅವನ ಪಕ್ಕ ಕಿವಿ ಚಾಚಿ ಕೂತಿದ್ದೆ. ಮುಂದಿನದು ಬರುತ್ತದೆ ಎಂದೇ ಕೂತಿದ್ದೆ. ನೀನು ಬಂದು ಭುಜ ಮುಟ್ಟಿದಾಗಲೂ ಸುಮ್ಮನಿರು ಎಂದು ಕೈಸನ್ನೆ ಮಾಡಿದೆ.

ಅವನ ಇಷ್ಟದ್ದು ಇದೇ ಏನು? ಹೌದಾದರೆ ಹೇಳು, ಇಡುತ್ತೇನೆ. ಆದರೆ ಇನ್ನೊಂದು ಸಲ ಕೇಳಲು ನನ್ನಿಂದ ಆಗುವುದಿಲ್ಲ.

ಮುತ್ತು


ಕನಕಪುರ
೭ ಸೆಪ್ಟೆಂಬರ್

ನಿಮಗೆ,

ಅದಲ್ಲ. ವೆಬ್‌ಸ್ಟರ್ ನನಗೆ ಇಷ್ಟವಾದವರು. ಅವನು ನನಗೆಂದು ಹಾಕುತ್ತಿದ್ದ.

ಅವನಿಗೆ ಬೇಕಾದವರು ಸೋನಿ ರೋಲಿನ್ಸ್. ರೆಕಾರ್ಡು ಇದರ ಜೊತೆಗಿದೆ. ಕವರಿನ ಮೂಲೆ ಅವನ ಕೈಯಿಂದಲೇ ಸವೆದದ್ದು. ಹೆಸರು ಮಾಡಿದ ಮೇಲೆ, ನನ್ನದು ಇನ್ನೂ ಸಾಲದು ಎಂದು ಕಛೇರಿ ನಿಲ್ಲಿಸಿ, ವರ್ಷಗಟ್ಟಲೆ ನ್ಯೂಯಾರ್ಕಿನ ಒಂದು ಸೇತುವೆಯ ಮೇಲೆ ನಿಂತು ಅಭ್ಯಾಸ ಮಾಡಿದವರಂತೆ. ಅದನ್ನು ಓದಿ ಇವನೂ ಮರಳವಾಡಿಯಲ್ಲಿ ಒಂದು ಮೋರಿಯ ಮೇಲೆ ಕೂತು ಊದಿದ್ದ. ಕುರಿ ಕಾಯುತ್ತಿದ್ದವರು ಬಂದು, ಯಾವ ಕಾಯಿಲೆಗೆ ಡಾಕ್ಟ್ರೇ ಈ ಔಷಧಿ ಎಂದು ಕೇಳಿದರಂತೆ.

ರೋಲಿನ್ಸ್ ತಮಾಷೆಯ ಮನುಷ್ಯ. ಗಂಭೀರವಾದ ರಾಗದ ಮಧ್ಯೆ ಎಲ್ಲಿಂದಲೋ ಯಾವುದೋ ಚಿಲ್ಲರೆ ಹಾಡಿನ ಚೂರನ್ನು ತಂದು ಸಿಕ್ಕಿಸುತ್ತಾರೆ. ಒಂದೇ ಸ್ವರವನ್ನು ಹಿಡಿದು ಕೆಣಕುತ್ತಾರೆ. ನಾವು ನಗುವಷ್ಟರಲ್ಲಿ, ಬಿಟ್ಟ ಕಡೆಗೇ ಬಂದು ನಿಂತಿರುತ್ತಾರೆ. ಮೊದಲ ಸಲ ಕೇಳಿಸಿದಾಗ ಅಶೋಕ, “ಅಪ್ಪ ಊದಿದ್ರೆ ಹಿಂಗೇ ಊದ್ತಿದ್ರು ಅಮ್ಮ,” ಎಂದ.

ಒಂದು ಶನಿವಾರ ನಿಮ್ಮನ್ನು ಮೇಲೆ ಕರೆದು ಇದನ್ನು ಕೇಳಿಸುತ್ತೇನೆಂದು ಮೆಟ್ಟಿಲವರೆಗೆ ಬಂದಿದ್ದ. ನೀವು ಕೆಳಗಿನಿಂದ ಎಮ್ಮೆಯ ವಿಷಯ ಕೂಗಿದಿರಿ. ಅವನು ನಕ್ಕು, ಇನ್ನೊಂದು ದಿನ ಆಗಲಿ ಎಂದು ಒಳಗೆ ಬಂದ. ಬೇಜಾರಿನಿಂದಲ್ಲ. ಇನ್ನೊಂದು ದಿನ ಇದೆ ಎಂದೇ ತಿಳಿದಿದ್ದ. ಇದನ್ನು ಬರೆಯುವುದು ಬೇಡವೆಂದು ಜೂನ್‌ನಿಂದ ಇಟ್ಟುಕೊಂಡಿದ್ದೆ. ಈಗ ನೀವು ಅವರನ್ನೆಲ್ಲ ಕೇಳಿ ಬಂದಿದ್ದೀರಿ, ಅದಕ್ಕೆ ಬರೆದೆ.

ಪೆಟ್ಟಿಗೆಯಲ್ಲಿ ಕೋಲ್ಟ್ರೇನ್ ಉಳಿದಿದ್ದಾರೆ. ಶುರು ಮಾಡುವವರಿಗಲ್ಲ, ನಡೆದು ಬಂದವರಿಗೆ ಎಂದು ಅಶೋಕ ಅನ್ನುತ್ತಿದ್ದ. ಅವರನ್ನು ಈಗ ಕಳಿಸುವುದಿಲ್ಲ.

ಎಡೆಗೆ ನಾನು ಬರುವುದಿಲ್ಲ. ಅವನನ್ನು ಒಳಗೆ ಬಿಟ್ಟು, ಬಾಗಿಲೆಳೆದು, ಹೊರಗೆ ಎಲ್ಲರ ಜೊತೆ ನಿಲ್ಲಲು ನನ್ನಿಂದ ಆಗದು. ಅತ್ತೆಗೆ ತಿಳಿಸಿ.

ವನಜಾಕ್ಷಿ


ರಾಮನಗರ
೨೩ ಸೆಪ್ಟೆಂಬರ್

ಪ್ರಿಯ ವನಜಾ,

ಎಡೆ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪ್ಲೇಯರನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಮಾಗಡಿ ಮೇಲೆ ತಿಪ್ಪಸಂದ್ರಕ್ಕೆ ಹೋದೆ. ಅವ್ವ ನಡುಮನೆಯಲ್ಲಿ ಎಲೆ ಹಾಕಿದ್ದಳು. ಅಪ್ಪನಿಗೆ ಅಪ್ಪನದು. ಅಶೋಕನಿಗೆ ಮುದ್ದೆ, ಬಸ್ಸಾರು, ಹೊಸ ಶರ್ಟು. ಅದರ ಪಕ್ಕದಲ್ಲಿ ನಾನು ಪ್ಲೇಯರ್ ಇಟ್ಟು ರೋಲಿನ್ಸ್ ಹಾಕಿದೆ. ಈ ಕರೀ ತಟ್ಟೆಯಲ್ಲಿ ಏನು ಬಡಿಸುತ್ತೀಯ ಎಂದು ಅವ್ವ ಕೇಳಿದಳು. ನಿನ್ನ ಮೊಮ್ಮಗ ಶನಿವಾರ ಉಣ್ಣುತ್ತಿದ್ದದ್ದು ಇದರಲ್ಲೇ ಎಂದೆ. ಅವ್ವ ಅದರ ಮುಂದೆಯೂ ಧೂಪ ಹಾಕಿದಳು.

ರೆಕಾರ್ಡಿನ ಮೇಲೆ ಮುಳ್ಳು ಇಳಿಸಿ ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಂಡೆವು. ಹಿರಿಯರು ಬಂದು ಉಂಡು ಎದ್ದಾರು ಎನ್ನುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಅವರಿಗೆ ಹೊರಡಲು ಸೂಚನೆ ಕೊಟ್ಟು ತೆಗೆಯುವುದು ನಮ್ಮ ಕ್ರಮವಲ್ಲವೇ. ಬೇರೆ ವರ್ಷ ಐದು ನಿಮಿಷದ ಕೆಲಸ. ಮಟನ್ ಸಾರಿನ ವಾಸನೆ ಹಿರಿಯರಿಗಿಂತ ಕಿರಿಯರನ್ನು ಜೋರಾಗಿ ಎಳೆಯುತ್ತದೆ. ರೆಕಾರ್ಡಿನ ಒಂದು ಮೈ ಇಪ್ಪತ್ತು ನಿಮಿಷ ಹಾಡುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಹಾಡಿನ ನಡುವೆ ಬಾಗಿಲು ತೆಗೆದರೆ ಉಣ್ಣುವವನ ಎಲೆ ಎಳೆದ ಹಾಗೆ. ಹಸಿದ ಜನ ಎಲ್ಲ ಅಂಗಳದಲ್ಲಿ ನಿಂತರು. “ಅಪ್ಪಯ್ಯ ಬ್ರಾಂದಿ ಮುಗಿಸ್ಬುಟ್ಟು ಇನ್ನೊಂದ್ ಕ್ವಾಟ್ರು ಕೇಳ್ತಾ ಅವ್ನೆ ಅನ್ಸುತ್ತೆ,” ಎಂದ ಚಿಕ್ಕಬೀರಯ್ಯ.

ಒಳಗೆ ರೋಲಿನ್ಸ್ ಊದುತ್ತಿದ್ದರು. ರಾಮನಗರದಲ್ಲಿ ಮೊದಲ ಸಲ ಕೇಳಿದಾಗ ಒಬ್ಬನೇ ನಕ್ಕಿದ್ದೆ, ವನಜಾ, ಖಾಲಿ ಮನೆಯಲ್ಲಿ, ದೊಡ್ಡದಾಗಿ. ನಿನ್ನ ಕಾಗದ ಆಗ ಮಡಿಲಲ್ಲೇ ಇತ್ತು. ಇಲ್ಲಿ ಅಂಗಳದಲ್ಲಿ ಅವ್ವ ಬಾಗಿಲಿಗೆ ಕಿವಿಗೊಟ್ಟು, “ಇದು ನಗ್ತಾ ಐತಾ, ಅಳ್ತಾ ಐತಾ?” ಎಂದಳು.

“ನಮ್ಮಣ್ಣನ್ ಥರ ಕಣವ್ವ,” ಎಂದ ಚಿಕ್ಕಬೀರಯ್ಯ. ಅಶೋಕ ನಿನಗೆ ಹೇಳಿದ್ದು ಅವನಿಗೆ ಗೊತ್ತಿಲ್ಲ.

ಹಾಡು ಮುಗಿಯಿತು. ನಮ್ಮ ಪ್ಲೇಯರಿನ ಮುಳ್ಳು ತಾನಾಗಿ ಏಳುವುದಿಲ್ಲ. ಕೊನೆಯ ಗೆರೆಯಲ್ಲೇ ಸುತ್ತುತ್ತಾ ಟಕ್ ಟಕ್ ಎನ್ನುತ್ತಿತ್ತು, ಒಳಗಿನಿಂದ ಯಾರೋ ಮೆಲ್ಲಗೆ ತಟ್ಟುವ ಹಾಗೆ. ತಟ್ಟಲಾ ಎಂದಳು ಅವ್ವ. ಅಪ್ಪನಾದವನು ನಾನೇ ತಟ್ಟಬೇಕು. ಕೈ ಎತ್ತಿದೆ. ಈ ಬಾಗಿಲು ಮುಚ್ಚಿರುವ ತನಕ ಅವನು ಒಳಗೆ ಗೋಡೆಗೆ ಒರಗಿ ಕೂತಿದ್ದಾನೆ. ನಾನು ತಟ್ಟಿದರೆ ಏಳುತ್ತಾನೆ. ಎತ್ತಿದ ಕೈ ಬಾಗಿಲಿಗೆ ಹೋಗಲಿಲ್ಲ. ಮೂವತ್ತು ವರ್ಷ ಸಭೆಗಳಲ್ಲಿ ಮಾತಾಡಿದ ಮನುಷ್ಯ ಬಾಯಿ ತೆರೆದು ನಿಂತಿದ್ದೆ. ಯಾರೂ ಆತುರ ಮಾಡಲಿಲ್ಲ. ಎಷ್ಟು ಹೊತ್ತಾಯಿತೋ. ಬಿಸಿಲು ಅಂಗಳದಿಂದ ಜಗಲಿಗೆ ಏರಿತು.

ಕೊನೆಗೆ ಅವ್ವ ಬಂದು ನನ್ನ ತೋಳು ಹಿಡಿದಳು.

“ದೊಡ್ಡೋರ್ ಜೊತೇಲಿ ಬಂದವ್ನೆ ಕಣ್ ಮಗ. ಅವ್ರು ಎದ್ದಾಗ್ಲೇ ಇವ್ನೂ ಏಳ್ಬೇಕು. ನೀನ್ ಹಿಂಗ್ ಕೂರ್ಸ್ಕಂಡ್ರೆ ಅವ್ರು ಒಂಟೋಯ್ತಾರೆ. ಆಮ್ಯಾಕೆ ಒಬ್ನೇ ಆಗೋಯ್ತದೆ ಮಗ. ದಾರಿ ಗೊತ್ತಾಗಕಿಲ್ಲ ಅದ್ಕೆ.”

ತಟ್ಟಿದೆ.

ಒಳಗೆ ಎಲ್ಲ ಇಟ್ಟ ಹಾಗೇ ಇತ್ತು. ರೆಕಾರ್ಡು ಸುತ್ತುತ್ತಿತ್ತು. ಮುಳ್ಳು ಎತ್ತಿದೆ. ಅವನ ಎಲೆಯ ಮುಂದೆ ಕೂತು ಬಸ್ಸಾರು ಉಂಡೆ. ಉಪ್ಪು ಸ್ವಲ್ಪ ಮುಂದಾಗಿತ್ತು. ಅವನಾಗಿದ್ದರೆ ಹೇಳುತ್ತಿರಲಿಲ್ಲ.

ರೋಲಿನ್ಸ್ ರೆಕಾರ್ಡನ್ನು ನಾಳೆಯ ಬಸ್ಸಿಗೆ ಕೊಡುತ್ತೇನೆ.

ನಿನ್ನ
ಮುತ್ತು


ಕನಕಪುರ
೨೯ ಸೆಪ್ಟೆಂಬರ್

ರೀ,

ರೆಕಾರ್ಡು ಬಂತು. ಕಾಗದವನ್ನು ಬಸ್‌ಸ್ಟ್ಯಾಂಡಿನಲ್ಲೇ ನಿಂತು ಓದಿದೆ.

ನಿಮಗೆ ಹೇಳಿರಲಿಲ್ಲ. ಅಮಾವಾಸ್ಯೆಯ ದಿನ ನಾನೂ ಇಲ್ಲಿ ಎಡೆ ಇಟ್ಟೆ. ಸುಮನಾ ನನಗೆ ಬಿಟ್ಟುಕೊಟ್ಟಿರುವ ಕೋಣೆಯಲ್ಲಿ. ಮುದ್ದೆ, ಬಸ್ಸಾರು, ಅವನಿಗೆಂದು ಗಟ್ಟಿ ಮೊಸರು. ಪ್ಲೇಯರ್ ಇಲ್ಲವಲ್ಲ, ಅವನ ಸ್ಯಾಕ್ಸೋಫೋನನ್ನು ಪೆಟ್ಟಿಗೆಯಿಂದ ತೆಗೆದು, ಅವನು ಮಾಡುತ್ತಿದ್ದ ಹಾಗೆ ಊದುವ ತುದಿಯ ತೆಳು ಪಟ್ಟಿ ರೀಡನ್ನು ನೀರಿನಲ್ಲಿ ನೆನೆಸಿ ಸಿಕ್ಕಿಸಿ, ಎಲೆಯ ಪಕ್ಕದಲ್ಲಿಟ್ಟೆ. ಬೇಕಾದರೆ ಊದಿಕೊಳ್ಳಲಿ ಎಂದು. ಹೊರಗೆ ಬಂದು ಬಾಗಿಲೆಳೆದುಕೊಂಡೆ.

ಇನ್ನೂ ತಟ್ಟಿಲ್ಲ.

ನಡುಮನೆಯಲ್ಲಿ ಮಲಗುತ್ತಿದ್ದೇನೆ. ನನ್ನ ಬಟ್ಟೆಯೆಲ್ಲ ಒಳಗೇ ಇದೆ, ಸುಮನಾಳ ಸೀರೆ ಉಡುತ್ತಿದ್ದೇನೆ. ಬಾಗಿಲ ಕೆಳಗಿನಿಂದ ಇರುವೆ ಸಾಲು ಹಿಡಿದಿದೆ. ವಾಸನೆ ಬರುತ್ತಿದೆ. ಸುಮನಾ ಮೊದಲು ಬೈದಳು, ಆಮೇಲೆ ಅತ್ತಳು. ಈಗ ಆ ಬಾಗಿಲ ಮುಂದೆ ಹೋಗುವಾಗ, ಒಳಗೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ ಸದ್ದಾಗದಂತೆ ನಡೆಯುತ್ತಾಳೆ. ಅವಳು ಹಾಗೆ ನಡೆದರೆ ನನಗೆ ಸಮಾಧಾನವಾಗುತ್ತಿತ್ತು.

ಅತ್ತೆ ಹೇಳಿದ್ದನ್ನು ಓದಿದ ಮೇಲೆ ಸಮಾಧಾನವಿಲ್ಲ. ಅಲ್ಲಾದರೆ ಅವನ ತಾತ ಜೊತೆಗಿದ್ದರು. ಇಲ್ಲಿ ನಾನು ಯಾರನ್ನೂ ಕರೆದಿರಲಿಲ್ಲ, ಅವನೊಬ್ಬನಿಗೇ ಎಲೆ ಹಾಕಿದ್ದೆ. ಒಬ್ಬನನ್ನೇ ಒಳಗೆ ಕೂರಿಸಿಕೊಂಡಿದ್ದೇನೆ. ಇವತ್ತು ಬೆಳಿಗ್ಗೆಯಿಂದ ಎಷ್ಟೋ ಸಲ ಬಾಗಿಲ ತನಕ ಹೋಗಿ ಬಂದೆ.

ನೀವು ಬನ್ನಿ. ಒಂದು ಸಲ ತಟ್ಟಿದ ಕೈ ಅದು, ಅದಕ್ಕೆ ಗೊತ್ತಿರುತ್ತದೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ತಟ್ಟುವಾಗ ನಿಮಗೆ ಏನಾದರೂ ಮಾತು ಬಂದರೆ ತಡೆಯಬೇಡಿ, ಹೇಳಿಬಿಡಿ. ನಗು ಬಂದರೆ ನಗುತ್ತೇನೆ. ಅವನಿಗೆ ಕೇಳಿಸಲಿ.

ಕಾಗದ ಸಿಕ್ಕ ಕೂಡಲೇ, ಮೊದಲ ಬಸ್ಸಿಗೇ ಹೊರಡಿ.

ವನಜಾ